ಲೈಡನ್ ಮನೆಯ ಮಗು

ಐವತ್ತು ದಾಟುವವರೆಗೂ ಫೆಸ್ಟಸ್ ಮುಲ್ಕೆರಿನ್ ಒಂದೇ ಉಸಿರಿಗೆ ಹತ್ತು ಮಾತು ಆಡಿದವನಲ್ಲ. ಹುಟ್ಟಿದ್ದು ಕ್ಲೂನೀನ್ ಎಂಬ ಹಳ್ಳಿಯಲ್ಲಿ, ರಸ್ತೆ ರಿಪೇರಿಯ ಗ್ಯಾಂಗು ಸೇರಿ ಇಪ್ಪತ್ತೆಂಟು ವರ್ಷ ಸಲಿಕೆ ಹಿಡಿದದ್ದೂ ಕ್ಲೂನೀನ್‌ನ ಆಸುಪಾಸಿನಲ್ಲೇ. ಗ್ಯಾಂಗಿನಲ್ಲಿ ಮಾತಿನ ಮಲ್ಲರು ಬೇಕಾದಷ್ಟು ಜನ ಇದ್ದರು. ಫೆಸ್ಟಸ್ ಏನಾದರೂ ಹೇಳಲು ಶುರುಮಾಡಿದರೆ ಅವನಿಗಿಂತ ಮೊದಲೇ ಇನ್ನೊಬ್ಬ ಅದನ್ನು ಮುಗಿಸಿ, ಎಲ್ಲರನ್ನೂ ನಗಿಸಿ, ಮುಂದಕ್ಕೆ ಹೋಗಿಬಿಡುತ್ತಿದ್ದ. ಫೆಸ್ಟಸ್ ಕೂಡ ನಗುತ್ತಿದ್ದ. ಮನೆಯಲ್ಲಿ ಹೆಂಡತಿ ಡೀಲಿಯಾ ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದ. ಆಮೇಲೆ ಬೆನ್ನು ಕೈಕೊಟ್ಟಿತು, ಕೆಲಸ ಬಿಡಬೇಕಾಯಿತು. ಮನೆಯ ಹಿಂದಿನ ಎಂಟು ಕುರಿಗಳ ಜೊತೆಗಂತೂ ಮಾತಿನ ಅಗತ್ಯವೇ ಇರಲಿಲ್ಲ.

ಅದೇ ವರ್ಷ ಊರಿನವರು ಹಳೆಯ ಯಾತ್ರೆಯ ಹಾದಿಯನ್ನು ಮತ್ತೆ ತೆರೆಯಬೇಕೆಂದು ಹೊರಟರು. ಮುರಿದ ಮಠದಿಂದ ಹೊರಟು, ಜೌಗು ದಾಟಿ, ಹೊಳೆ ದಾಟಿ, ಗುಡ್ಡದ ಮೇಲಣ ಕಣಿವೆಯಲ್ಲಿರುವ, ರೋಗ ವಾಸಿಮಾಡುತ್ತದೆಂದು ಜನ ನಂಬುವ ಸಂತ ಕೊಲ್ಮನ್ನನ ಬಾವಿಯವರೆಗೆ ಏಳು ಮೈಲಿ. ಹಿಂದಿನವರು ಜುಲೈ ತಿಂಗಳ ಕೊನೆಯ ಭಾನುವಾರ ಬರಿಗಾಲಲ್ಲಿ ನಡೆಯುತ್ತಿದ್ದ ಹಾದಿ. ಸಮಿತಿಯ ಮುಖ್ಯಸ್ಥೆ ಅಟ್ರಾಕ್ಟಾ, ಊರಿನ ಶಾಲೆಯ ಟೀಚರು, ಫೆಸ್ಟಸ್‌ನ ಅಡುಗೆಮನೆಗೆ ಬಂದು ಕೂತಳು.

"ಜೌಗು ಗೊತ್ತಿರೋನು ಬೇಕು ಫೆಸ್ಟಸ್. ಎಲ್ಲಿ ಕಾಲಿಟ್ರೆ ನಿಲ್ಲುತ್ತೆ, ಎಲ್ಲಿಟ್ರೆ ಸೊಂಟದ ತನಕ ಹೋಗುತ್ತೆ ಅಂತ ಗೊತ್ತಿರೋನು."

"ಅವರ ಹತ್ರ ಮಾತಾಡ್ಬೇಕಾಗುತ್ತಲ್ಲ."

"ಇಲ್ಲಿ ಇಡಿ, ಅಲ್ಲಿ ಇಡ್ಬೇಡಿ. ಅಷ್ಟು ಹೇಳಿದ್ರೆ ಸಾಕು. ಅಷ್ಟಾದ್ರೂ ಬರುತ್ತೋ ಇಲ್ವೋ ನಿಂಗೆ?"

ಒಲೆಯ ಕಡೆ ತಿರುಗಿ ಟೀ ಬಗ್ಗಿಸುತ್ತಿದ್ದ ಡೀಲಿಯಾ ನಕ್ಕಳು. ಫೆಸ್ಟಸ್ ಒಪ್ಪಿಕೊಂಡ.

ಮೊದಲ ಬೇಸಿಗೆ ಅಷ್ಟೇ ಹೇಳಿದ. ಆದರೆ ಡಬ್ಲಿನ್ನಿಂದ, ಫ್ರಾನ್ಸಿನಿಂದ, ಎಲ್ಲೆಲ್ಲಿಂದಲೋ ಬಂದವರು ಅವನ ಹಿಂದೆ ಸಾಲಾಗಿ ನಡೆದರು. ಅವನು ನಿಂತರೆ ನಿಂತರು. ಅವನು ಬಾಯಿ ತೆರೆದರೆ ತಾವು ಬಾಯಿ ಮುಚ್ಚಿದರು. ಬದುಕಿನಲ್ಲಿ ಯಾರೂ ಅವನಿಗೆ ಹಾಗೆ ಮಾಡಿರಲಿಲ್ಲ. ಎರಡನೆಯ ಬೇಸಿಗೆಗೆ ಅವನ ಬಾಯಲ್ಲಿ ಒಂದೊಂದೇ ಕಥೆ ಹೊರಡತೊಡಗಿತು. ಮಠದ ಗಂಟೆಯನ್ನು ಹೂತಿಟ್ಟದ್ದು, ಹೊಳೆಯಲ್ಲಿ ಕೊಚ್ಚಿಹೋಗಿ ಬದುಕಿದ ಪಾದ್ರಿಯದು, ಹೀಗೆ ತಾಯಿಯಿಂದ ಕೇಳಿದ ಕಥೆಗಳು.

ಹೊಳೆ ದಾಟಿ ಗುಡ್ಡ ಶುರುವಾಗುವಲ್ಲಿ, ಕುರಿಗಳನ್ನು ತಡೆಯುವ ಕಲ್ಲುಗೋಡೆಯ ಪಕ್ಕ ಒಂದು ಚಪ್ಪಟೆ ಕಲ್ಲಿದೆ. ಎಲ್ಲರೂ ಅಲ್ಲಿ ದಣಿವಾರಿಸಿಕೊಳ್ಳುತ್ತಾರೆ. ಅಲ್ಲಿ ಒಂದು ದಿನ ಅವನು ಪಕ್ಕದ ಮನೆಯ ಹನೋರಾ ಲೈಡನ್‌ಳ ಕಥೆ ಹೇಳಿದ. ಹೆಸರು ಹೇಳಲಿಲ್ಲ; ಒಬ್ಬ ತಾಯಿ ಅಂದ. ಹನ್ನೊಂದು ತಿಂಗಳ ಮಗುವಿಗೆ ನಾಯಿಕೆಮ್ಮು ಬಂದಾಗ ಆ ತಾಯಿ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಬಾವಿಯವರೆಗೆ ಹೊತ್ತದ್ದು, ಇದೇ ಕಲ್ಲಿನ ಮೇಲೆ ಕೂತು ಎದೆಹಾಲು ಕುಡಿಸಲು ನೋಡಿದ್ದು, ಮಗು ಕುಡಿಯದೆ ಹೋದದ್ದು. ಇಳಿದು ಬರುವಾಗ ಮಗು ತೀರಿಕೊಂಡಿತು ಎಂಬ ಮಾತು ಫೆಸ್ಟಸ್‌ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಫ್ರಾನ್ಸಿನ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಆ ಮಗು ನೀವೇನಾ?"

ಅಲ್ಲ ಅನ್ನಲು ಎರಡಕ್ಷರ ಸಾಕಿತ್ತು. ಫೆಸ್ಟಸ್ ಸುಮ್ಮನಿದ್ದ. ಅವಳು ಎದ್ದು ಬಂದು ಅವನನ್ನು ಅಪ್ಪಿಕೊಂಡಳು. ಸುತ್ತ ನಿಂತವರು ಟೋಪಿ ತೆಗೆದರು. ಆಮೇಲೆ ಅಲ್ಲ ಅನ್ನುವುದೆಂದರೆ ಆ ಹೆಂಗಸನ್ನು ಎಲ್ಲರ ಮುಂದೆ ಪೆಚ್ಚು ಮಾಡಿದಂತೆ ಅಂದುಕೊಂಡ. ಹಾಗೆ ಅಂದುಕೊಂಡದ್ದು ಪೂರ್ತಿ ನಿಜವಲ್ಲ ಎಂದೂ ಅವನಿಗೆ ಗೊತ್ತಿತ್ತು.

ಮುಂದಿನ ವಾರ ಬೇರೆ ಗುಂಪು ಬಂದಾಗ ಯಾರೂ ಕೇಳಲಿಲ್ಲ. ಅವನೇ ಹೇಳಿದ. ಶಾಲಿನ ಬಣ್ಣ ಸೇರಿತು. ಬಾವಿಯ ನೀರು ಮೂರನೆಯ ಸಲ ತುಟಿಗೆ ಮುಟ್ಟಿಸಿದಾಗ ಕೆಮ್ಮು ನಿಂತದ್ದು ಸೇರಿತು. "ಆ ಮಗು ಈಗ ನಿಮ್ಮ ಮುಂದೆ ನಿಂತಿದೆ," ಅನ್ನುವ ಮಾತು ಕೊನೆಗೆ ಸೇರಿತು. ಆ ಮಾತಿಗೆ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನೂ ಕಲಿತ. ಲೈಡನ್ ಮನೆಯವರು ಎಷ್ಟೋ ವರ್ಷಗಳ ಹಿಂದೆಯೇ ಇಂಗ್ಲೆಂಡಿಗೆ ಹೋಗಿದ್ದರು. ಮನೆಯ ಸೂರು ಬಿದ್ದು ಒಳಗೆ ಮುಳ್ಳು ಬೆಳೆದಿತ್ತು. ಯಾರಿಗೆ ನಷ್ಟ ಎಂದು ತನ್ನನ್ನು ತಾನು ಸಮಾಧಾನ ಮಾಡಿಕೊಂಡ.

ಮೂರನೆಯ ಬೇಸಿಗೆ ಡೀಲಿಯಾ ಒಮ್ಮೆ ಜೊತೆಗೆ ಬಂದಳು. ಕಲ್ಲಿನ ಹತ್ತಿರ ನಿಂತು ಪೂರ್ತಿ ಕೇಳಿದಳು. ಇಳಿಯುವಾಗ ಅವನ ಜೊತೆ ಮಾತಾಡಲಿಲ್ಲ. ಮರುವಾರ ಕರೆದಾಗ, "ಮಂಡಿ ನೋವು, ನೀನು ಹೋಗು," ಅಂದಳು. ಆಮೇಲೆ ಹಾದಿಯ ಕಡೆ ಬರಲೇ ಇಲ್ಲ. ಪ್ರತಿ ಭಾನುವಾರ ಪೂಜೆಗೆ ಎರಡು ಮೈಲಿ ಅದೇ ಮಂಡಿಯಲ್ಲಿ ನಡೆದು ಹೋಗುತ್ತಿದ್ದಳು. ಫೆಸ್ಟಸ್ ನೋಡಿದ, ಕೇಳಲಿಲ್ಲ.

ಹೀಗೆ ಹನ್ನೊಂದು ಬೇಸಿಗೆ ಕಳೆಯಿತು.

ಹನ್ನೆರಡನೆಯ ಬೇಸಿಗೆಯ ಯಾತ್ರೆಯ ಭಾನುವಾರ ಹತ್ತೊಂಬತ್ತು ಜನ ಮಠದ ಬಾಗಿಲಲ್ಲಿ ಸೇರಿದರು. ಲಿಮರಿಕ್‌ನಿಂದ ಬಂದ ಇಗ್ನೇಷಿಯಸ್ ಎಂಬ ನಿವೃತ್ತ ಬಸ್ ಡ್ರೈವರ್ ಮೊದಲ ಗಳಿಗೆಯಿಂದಲೇ ಎಲ್ಲರನ್ನೂ ನಗಿಸುತ್ತಿದ್ದ. ಒಬ್ಬ ಎಳೆಯ ನರ್ಸ್ ಇದ್ದಳು. ಕೊನೆಯಲ್ಲಿ, ಬೂದು ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ, ಅರವತ್ತೇಳು ಅರವತ್ತೆಂಟರ ಒಬ್ಬ ಹೆಂಗಸು ಕೋಲು ಹಿಡಿದು ನಿಂತಿದ್ದಳು.

ಜೌಗಿನಲ್ಲಿ ಇಗ್ನೇಷಿಯಸ್‌ನ ಬೂಟು ಎರಡು ಸಲ ಹೂತುಹೋಯಿತು. "ನನ್ನ ಬಸ್ಸು ಇಲ್ಲಿ ನಿಲ್ಸಲ್ಲ, ಇಳಿಯೋರು ಇದ್ರೆ ಹಾರ್ಕೊಳ್ಳಿ," ಎಂದು ಅವನು ಕೂಗಿದಾಗ ಎಲ್ಲರೂ ನಕ್ಕರು. ಕೋಲು ಹಿಡಿದ ಹೆಂಗಸಿಗೆ ಮಾತ್ರ ಫೆಸ್ಟಸ್ ಎಲ್ಲೂ ದಾರಿ ತೋರಿಸಬೇಕಾಗಲಿಲ್ಲ. ಹಸಿರಾಗಿ ನುಣ್ಣಗೆ ಕಾಣುವ ಕಡೆ ಕಾಲಿಡದೆ, ಒರಟು ಹುಲ್ಲಿನ ಗಂಟುಗಳ ಮೇಲೇ ಹೆಜ್ಜೆ ಹಾಕುತ್ತಿದ್ದಳು.

"ಈ ಕಡೆಯವರಾ ನೀವು?" ಎಂದು ಕೇಳಿದ.

"ಒಂದು ಕಾಲದಲ್ಲಿ," ಅಂದಳು, ಮುಂದೆ ನಡೆದಳು.

ಕಲ್ಲಿನ ಹತ್ತಿರ ಎಲ್ಲರೂ ಕೂತರು. ಫೆಸ್ಟಸ್ ಗೋಡೆಗೆ ಒರಗಿ ಎಂದಿನ ಧಾಟಿಯಲ್ಲಿ ಶುರು ಮಾಡಿದ. ಅಂದು ಗಾಳಿ ಇರಲಿಲ್ಲ, ದನಿ ಎತ್ತಬೇಕಾಗಿರಲಿಲ್ಲ, ಕಥೆ ತಾನಾಗಿಯೇ ಹರಿಯಿತು. ನರ್ಸ್ ಅತ್ತಳು. ಕೊನೆಯ ಮಾತಿಗೆ ಇಗ್ನೇಷಿಯಸ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಕೋಲು ಹಿಡಿದ ಹೆಂಗಸು ಒಬ್ಬಳೇ ನಿಂತೇ ಇದ್ದಳು. ಕಥೆ ಹೇಳುವಷ್ಟು ಹೊತ್ತೂ ಅವಳು ಅವನ ಮುಖ ನೋಡುತ್ತಿದ್ದಳು; ಮುಗಿದ ಮೇಲೆ ನೆಲ ನೋಡಿದಳು.

ಬಾವಿಯ ಹತ್ತಿರ ಜನ ಏಳೇಳು ಹರಳುಗಲ್ಲು ಆರಿಸಿಕೊಂಡು ಪ್ರದಕ್ಷಿಣೆ ಶುರುಮಾಡಿದರು, ಸುತ್ತಿಗೊಂದು ಕಲ್ಲು ಬಾವಿಯ ಕಟ್ಟೆಯ ಮೇಲೆ ಬಿಡುತ್ತ. ಅವಳು ಸುತ್ತು ಬರಲಿಲ್ಲ. ದೂರದ ಬಂಡೆಯ ಮೇಲೆ ಕೂತಿದ್ದಳು. ಸುಸ್ತಾಗಿರಬೇಕೆಂದು ಫೆಸ್ಟಸ್ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಹೋದ.

ಅವಳು ಲೋಟ ತೆಗೆದುಕೊಂಡಳು. "ಟಾಮ್ ಮುಲ್ಕೆರಿನ್ ಮಗ ಅಲ್ವಾ ನೀನು?"

"ಹೌದು."

"ಮುಖ ನೋಡಿದ ಕೂಡ್ಲೇ ಗೊತ್ತಾಯ್ತು. ಅದೇ ಗಲ್ಲ." ಟೀ ಕುಡಿಯದೆ ಲೋಟದ ಬಿಸಿಗೆ ಕೈ ಒಡ್ಡಿದಳು. "ನಾನು ವಿನ್ನಿ ಲೈಡನ್. ಬಾರ್ಟ್ಲಿ ಅಕ್ಕ."

ಫೆಸ್ಟಸ್‌ಗೆ ಕುತ್ತಿಗೆಯಿಂದ ಬಿಸಿ ಏರಿ ಕಣ್ಣಿನವರೆಗೆ ಬಂತು. ಅಲ್ಲಿಂದ ಹೋಗಲೂ ಆಗದೆ, ಕೂರಲೂ ಧೈರ್ಯ ಬಾರದೆ ನಿಂತ. ಅವನ ತಾಯಿ ಬೆಣ್ಣೆ ಕಡೆಯುತ್ತ ಆ ಕಥೆ ಹೇಳಿದಾಗಲೆಲ್ಲ, "ಬಾರ್ಟ್ಲಿ ಇದ್ದಿದ್ರೆ ನಿನ್ನ ಜೊತೇಲೇ ಶಾಲೆಗೆ ಹೋಗ್ತಿದ್ದ," ಎಂದು ಮುಗಿಸುತ್ತಿದ್ದಳು. ಆ ಮಾತು ಹತ್ತು ವರ್ಷದಿಂದ ಅವನಿಗೆ ನೆನಪಾಗಿರಲಿಲ್ಲ. ನೆನಪಾಗದಂತೆ ಅವನು ನೋಡಿಕೊಂಡಿದ್ದ.

"ನಂಗೆ ಆಗ ಆರು ವರ್ಷ," ವಿನ್ನಿ ಹೇಳಿದಳು. ಜಗಳದ ದನಿಯಲ್ಲ, ಹಳೆಯ ಸಂತೆಯ ವಿಷಯ ಹೇಳುವಂಥ ದನಿ. "ನಾನೂ ಬಂದಿದ್ದೆ. ಕಾಲು ಕೊಯ್ದುಕೊಂಡೆ. ಆ ಕಲ್ಲಿನ ಮೇಲೆ ಕೂತು ಇನ್ನು ನಡೆಯಲ್ಲ ಅಂತ ಹಟ ಹಿಡ್ದೆ. ಅಮ್ಮ ನಂಗೋಸ್ಕರ ಅಲ್ಲೇ ಕಾದ್ಲು. ಅರ್ಧ ಗಂಟೆನೋ ಇನ್ನೂ ಜಾಸ್ತಿನೋ. ಅವಳು ಹಾಲು ಕುಡ್ಸೋಕೆ ಕೂತದ್ದಲ್ಲ."

"ನಂಗೆ ಗೊತ್ತಿರ್ಲಿಲ್ಲ."

"ನಿಂಗೆ ಹೇಗೆ ಗೊತ್ತಾಗುತ್ತೆ? ಅಮ್ಮ ಅದನ್ನ ಯಾರಿಗೂ ಹೇಳ್ಲಿಲ್ಲ." ಅವಳು ಬಾವಿಯ ಕಡೆ ನೋಡಿದಳು. "ಇಳಿಯೋವಾಗ ಬಾರ್ಟ್ಲಿ ಕೆಮ್ಮು ನಿಂತಿತ್ತು. ಅಮ್ಮ ಶಾಲು ಮುಚ್ಚಿ, ಮಗು ಮಲಗಿದೆ, ಮೆತ್ತಗೆ ನಡಿ ಅಂದ್ಲು. ಮನೆ ತನಕ ಮೆತ್ತಗೇ ನಡೆದೆ."

ಫೆಸ್ಟಸ್ ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

"ನೀನು ಅಲ್ಲಿ ಹೇಳ್ತಿದ್ದಾಗ ನಂಗೆ ಮೊದ್ಲು ಕೋಪ ಬರ್ಲಿಲ್ಲ, ತಿಳ್ಕೋ. ಕೆಮ್ಮು ನಿಂತಿತು, ಮಗು ಕಣ್ಣುಬಿಟ್ಟಿತು ಅಂದ್ಯಲ್ಲ, ಒಂದು ನಿಮಿಷ ಸಂತೋಷ ಆಯ್ತು. ಬದುಕಿಬಿಟ್ಟ ಅನ್ನಿಸ್ತು. ಈ ವಯಸ್ಸಲ್ಲಿ. ಅದನ್ನ ನಾನು ನಿಂಗೆ ಹೇಗೆ ಕ್ಷಮಿಸ್ಲಿ?"

ಫೆಸ್ಟಸ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

"ಮೋಡ ಇಳೀತಿದೆ. ಜನರನ್ನ ಕೆಳಗೆ ಕರ್ಕೊಂಡು ಹೋಗು," ಅಂದಳು. ಲೋಟ ವಾಪಸ್ಸು ಕೊಟ್ಟಳು. ಟೀ ಹಾಗೇ ಇತ್ತು.

ಇಳಿಜಾರಿನುದ್ದಕ್ಕೂ ಹತ್ತೊಂಬತ್ತು ಜನರ ಕಣ್ಣು ತನ್ನ ಬೆನ್ನ ಮೇಲಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಕಲ್ಲಿನ ಹತ್ತಿರ ನಿಲ್ಲದೆ ನಡೆದ. ಹೊಳೆಯಲ್ಲಿ ದಾಟುಗಲ್ಲುಗಳು ಜಾರುತ್ತಿದ್ದವು. ಎಂದಿನಂತೆ ನಡುನೀರಿನಲ್ಲಿ ನಿಂತು ಒಬ್ಬೊಬ್ಬರಿಗೂ ಕೈ ಕೊಟ್ಟ. ವಿನ್ನಿ ಕೈ ಹಿಡಿಯಲಿಕ್ಕಿಲ್ಲ ಅಂದುಕೊಂಡಿದ್ದ. ಅವಳು ಹಿಡಿದಳು. ತಣ್ಣಗಿನ, ಹಗುರವಾದ ಕೈ. ಬೀಳುವ ಭಯಕ್ಕೆ ಬಿಗಿಯಾಗಿ ಹಿಡಿದುಕೊಂಡಳು, ದಡ ಸಿಕ್ಕ ಮೇಲೆ ಬಿಟ್ಟಳು. ಕೈ ಕೊಡವಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಚರ್ಚಿನ ಹಾಲ್‌ನಲ್ಲಿ ಅಟ್ರಾಕ್ಟಾ ಮತ್ತು ಊರಿನ ನಾಲ್ಕೈದು ಹೆಂಗಸರು ಟೀ, ಹ್ಯಾಮು, ಸೋಡಾ ಬ್ರೆಡ್ಡು ಜೋಡಿಸಿದ್ದರು. ನಡೆಯಲಾಗದೆ ಬಸ್ಸಿನಲ್ಲೇ ಉಳಿದಿದ್ದ ವಯಸ್ಸಾದವರೂ ಅಲ್ಲಿಗೆ ಬಂದಿದ್ದರು. ವಿನ್ನಿ ಬಾಗಿಲವರೆಗೆ ಬಂದು, ಒಳಗೆ ಬಾರದೆ, ತನ್ನನ್ನು ಕರೆದೊಯ್ಯಲು ಬರಬೇಕಿದ್ದ ಸಂಬಂಧಿಯ ಕಾರಿಗಾಗಿ ಹೊರಗೆ ಗೋಡೆಯ ಮೇಲೆ ಕೂತಳು.

ಎಲ್ಲರೂ ತಿನ್ನುತ್ತಿದ್ದಾಗ ಇಗ್ನೇಷಿಯಸ್ ಚಮಚದಿಂದ ಲೋಟ ಬಡಿದ.

"ನಮ್ಮ ಹೆಂಗಸರು ಬಸ್ಸಲ್ಲಿ ಕೂತು ಇಸ್ಪೀಟು ಆಡ್ತಿದ್ರು. ಅವ್ರಿಗೆ ಪುಣ್ಯ ಬೇಡ್ವಾ? ಫೆಸ್ಟಸ್, ನಿಮ್ಮ ತಾಯಿ ಕಥೆ ಇನ್ನೊಂದ್ಸಲ ಆಗ್ಲಿ."

ಕುರ್ಚಿಗಳು ಅವನ ಕಡೆ ತಿರುಗಿದವು. ನರ್ಸ್ ಮುಂದಕ್ಕೆ ಬಂದು ಕೂತಳು. ಫೆಸ್ಟಸ್ ಎದ್ದು ನಿಂತ. ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡ. ಬಾಗಿಲಿನ ಕಡೆ ನೋಡಿದ. ಹೊರಗೆ ಕಾರು ಬಂದ ಸದ್ದು, ಬಾಗಿಲು ಹಾಕಿದ ಸದ್ದು, ಹೊರಟ ಸದ್ದು ಕೇಳಿಸಿತು. ಇನ್ನು ಹೇಳಿದರೂ ವಿನ್ನಿಗೆ ಕೇಳುವುದಿಲ್ಲ, ಹೇಳದಿದ್ದರೂ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಒಂದು ಗಳಿಗೆ, ಹಳೆಯದನ್ನೇ ಹೇಳಿ ಕೂತುಬಿಡೋಣ ಎಂದು ಅವನ ಮನಸ್ಸು ಜಾರಿದ್ದು ನಿಜ.

"ಆ ಮಗು ನಾನಲ್ಲ," ಅಂದ.

ಕೇಳಿಸಲಿಲ್ಲ ಅಂತ ಹಿಂದಿನಿಂದ ಯಾರೋ ಅಂದರು.

"ಆ ಮಗು ನಾನಲ್ಲ. ಅದು ಪಕ್ಕದ ಮನೆ ಮಗು. ಬಾರ್ಟ್ಲಿ ಲೈಡನ್ ಅಂತ. ಬಾವಿ ತನಕ ಹೊತ್ತದ್ದು ನಿಜ. ವಾಸಿ ಆಗ್ಲಿಲ್ಲ. ಇಳಿಯೋವಾಗ ಸತ್ತೋಯ್ತು. ನಾನು ಹತ್ತು ವರ್ಷದಿಂದ ಸುಳ್ಳು ಹೇಳ್ತಿದ್ದೀನಿ."

ಅಡುಗೆಕೋಣೆಯಲ್ಲಿ ಹರಿಯುತ್ತಿದ್ದ ನಲ್ಲಿಯನ್ನು ಯಾರೋ ನಿಲ್ಲಿಸಿದರು. ನರ್ಸಿನ ಮುಖ ಸಣ್ಣದಾಯಿತು. ತನ್ನ ಕಣ್ಣೀರನ್ನು ಯಾರೋ ಕದ್ದಂತೆ ಅವಳು ಕೆನ್ನೆ ಮುಟ್ಟಿಕೊಂಡಳು. ಇಗ್ನೇಷಿಯಸ್ ಚಮಚ ಕೆಳಗಿಟ್ಟ. ಬೆಳಗಿನಿಂದ ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಹಾಗಾದ್ರೆ ನಾನು ಟೋಪಿ ತೆಗ್ದದ್ದು ಯಾರಿಗಪ್ಪ?"

"ಬಾರ್ಟ್ಲಿಗೆ ಅಂತ ಇಟ್ಕೊಳ್ಳಿ."

"ನಾನು ಇಟ್ಕೊಳ್ಳೋದಲ್ಲ. ನೀವು ನಿಮಗೆ ಅಂತ ಇಟ್ಕೊಂಡ್ರಿ. ಮಠದ ಗಂಟೆ? ಅದೂ ಸುಳ್ಳಾ?"

"ಗಂಟೆ ವಿಷ್ಯ ಅಮ್ಮ ಹೇಳಿದ್ದು. ನಿಜವೋ ಸುಳ್ಳೋ ನಂಗೆ ಗೊತ್ತಿಲ್ಲ."

"ಪಾದ್ರಿ?"

"ಅದೂ ಹಾಗೇ."

"ಬಾವಿಯಾದ್ರೂ ಇದ್ಯಲ್ಲ, ಕಣ್ಣಲ್ಲಿ ನೋಡಿದ್ವಿ," ಎಂದು ಇಗ್ನೇಷಿಯಸ್ ಟೋಪಿ ಹಾಕಿಕೊಂಡು ಬಸ್ಸಿನ ಕಡೆ ಹೊರಟ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಯಾರೂ ಬೈಯಲಿಲ್ಲ. ಹೋಗುವಾಗ ಅವನ ಕೈ ಕುಲುಕದೆ, ಅವನನ್ನು ಸುತ್ತಿ ಹಾದು ಹೋದರು, ದಾರಿಯಲ್ಲಿ ಕೆಸರಿದ್ದರೆ ಸುತ್ತಿ ಹೋಗುವಂತೆ.

ಹಾಲ್ ಖಾಲಿಯಾದ ಮೇಲೆ ಫೆಸ್ಟಸ್ ಅಡುಗೆಕೋಣೆಗೆ ಹೋಗಿ ಅಟ್ರಾಕ್ಟಾಳ ಮುಂದೆ ನಿಂತ. ಅವಳು ಲೋಟ ಒರೆಸುತ್ತಿದ್ದಳು.

"ಸಮಿತಿಗೆ ಹೇಳ್ಬಿಡು. ಇನ್ನು ನಾನು ಬರಲ್ಲ. ನಿಮಗೆಲ್ಲ ಮೋಸ ಮಾಡ್ದೆ."

"ನಮಗೆ ಮೋಸ ಎಲ್ಲಿ ಬಂತು? ನಮಗೆ ಗೊತ್ತಿತ್ತು."

ಅವನು ಬಿಟ್ಟ ಕಣ್ಣು ಬಿಟ್ಟಂತೆ ನಿಂತ. "ಯಾರ್‍ಯಾರಿಗೆ?"

"ಯಾರಿಗಿಲ್ಲ ಅಂತ ಕೇಳು. ನಿಮ್ಮಮ್ಮ ಆ ಕಥೆ ನಿಂಗೊಬ್ಬನಿಗೇ ಹೇಳಿದ್ಲು ಅಂದ್ಕೊಂಡ್ಯಾ?"

"ಮತ್ತೆ ಯಾಕೆ ಒಬ್ರೂ ಬಾಯಿ ಬಿಡ್ಲಿಲ್ಲ?"

ಅಟ್ರಾಕ್ಟಾ ಬಟ್ಟೆ ಹಿಂಡಿ ನೇತುಹಾಕಿದಳು. "ನೀನು ಮಾತಾಡ್ತಿದ್ಯಲ್ಲ ಫೆಸ್ಟಸ್. ಶಾಲೆಯಲ್ಲಿ ನನ್ನ ಪಕ್ಕದ ಬೆಂಚಲ್ಲಿ ಎಂಟು ವರ್ಷ ಕೂತೋನು ನೀನು, ನಿನ್ನ ದನಿ ಹೇಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ. ಹೋಗ್ಲಿ ಪಾಪ ಅಂದ್ಕೊಂಡ್ವಿ."

ಸುಳ್ಳು ಸಿಕ್ಕಿಬಿದ್ದದ್ದಕ್ಕಿಂತ ಆ ಪಾಪ ಎಂಬ ಮಾತು ಅವನನ್ನು ಹೆಚ್ಚು ಸುಟ್ಟಿತು. ಹತ್ತು ವರ್ಷ ಅಂಗಡಿಯಲ್ಲಿ, ಪೂಜೆಯಲ್ಲಿ, ಹೋಟೆಲಿನ ಬೆಂಕಿಯ ಮುಂದೆ ಜನ ತನಗೆ ತಲೆಯಾಡಿಸಿದ್ದೆಲ್ಲ ಈಗ ಬೇರೆ ಅರ್ಥ ಕೊಡತೊಡಗಿತು. ತಾನು ದೊಡ್ಡವನಾದೆ ಅಂದುಕೊಂಡು ನಡೆಯುತ್ತಿದ್ದಾಗ ಊರಿಡೀ ಬಾಗಿ ನಿಂತು, ಮಗುವಿನ ಆಟ ನೋಡುವಂತೆ ನೋಡಿತ್ತು.

ಮನೆಯಲ್ಲಿ ಡೀಲಿಯಾ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಬೂಟು ಬಿಚ್ಚದೆ ಎದುರಿಗೆ ಕೂತ. ಎಲ್ಲವನ್ನೂ ಹೇಳಿದ. ಅವಳು ಚಾಕು ನಿಲ್ಲಿಸದೆ ಕೇಳಿದಳು.

"ನಿನ್ನ ಮಂಡಿ..." ಎಂದು ಕೊನೆಗೆ ಶುರುಮಾಡಿದ.

"ನನ್ನ ಮಂಡಿಗೆ ಏನೂ ಆಗಿಲ್ಲ."

"ಗೊತ್ತು."

"ಗೊತ್ತಿದ್ದೂ ಒಂದಿನ ಕೇಳ್ಲಿಲ್ಲ ನೀನು."

"ಕೇಳಿದ್ರೆ ಹೇಳ್ಬಿಡ್ತಿದ್ಯಲ್ಲ."

"ಹೌದು, ಹೇಳ್ತಿದ್ದೆ," ಅಂದಳು ಡೀಲಿಯಾ. "ಅಲ್ಲಿ ನಿಂತು ನಿನ್ನ ಮುಖ ನೋಡ್ದೆ ಫೆಸ್ಟಸ್. ನಮ್ಮ ಮದುವೆ ದಿನ ಕೂಡ ಅಷ್ಟು ಸಂತೋಷ ಇರ್ಲಿಲ್ಲ ಆ ಮುಖದಲ್ಲಿ. ನಂಗೆ ನಾಚಿಕೆ ಆಯ್ತು. ನಿನ್ನ ಪರವಾಗಿ ಅಲ್ಲ, ನನ್ನ ಪರವಾಗಿ." ಸಿಪ್ಪೆಯನ್ನು ಬಕೆಟ್ಟಿಗೆ ಹಾಕಿ ಎದ್ದಳು. ಅವನ ಹೆಗಲ ಮೇಲೆ ಕೈಯಿಡುತ್ತಾಳೇನೋ ಅಂದುಕೊಂಡ. ಅವಳು ಅವನ ಹಿಂದಿನ ಗೂಟದಲ್ಲಿದ್ದ ಏಪ್ರನ್ ತೆಗೆದುಕೊಳ್ಳುತ್ತಿದ್ದಳು.

ಅಟ್ರಾಕ್ಟಾಳಿಂದ ವಿನ್ನಿಯ ವಿಳಾಸ ಪಡೆದು ಫೆಸ್ಟಸ್ ನಾಲ್ಕು ಕಾಗದ ಬರೆದ. ಮೂರನ್ನು ಒಲೆಗೆ ಹಾಕಿದ. ನಾಲ್ಕನೆಯದರಲ್ಲಿ, ಹಾಲ್‌ನಲ್ಲಿ ಏನು ಹೇಳಿದೆನೆಂದು ಬರೆದು, ಇನ್ನು ಆ ಕಥೆ ತನ್ನ ಬಾಯಲ್ಲಿ ಬರುವುದಿಲ್ಲ ಎಂದು ಮಾತು ಕೊಟ್ಟ. ಅಕ್ಟೋಬರಿನಲ್ಲಿ ಉತ್ತರ ಬಂತು. ನಾಲ್ಕೇ ಸಾಲು. ಕಥೆ ಹೇಳುವುದನ್ನು ನಿಲ್ಲಿಸಬೇಡ. ಬಾರ್ಟ್ಲಿಯ ಹೆಸರು ಹೇಳು, ಅಮ್ಮನ ಹೆಸರೂ ಹೇಳು. ನನ್ನ ಕಾಲಿನ ವಿಷಯ ಮಾತ್ರ ಹೇಳಬೇಡ, ಅದು ನನ್ನದು. ಚಳಿ ಶುರುವಾದಾಗಿನಿಂದ ಎದೆನೋವು ಹೆಚ್ಚಾಗಿದೆ, ಮತ್ತೆ ಬರಲಾರೆ. ಕ್ಷಮಿಸಿದ್ದೇನೆ ಎಂಬ ಮಾತಿಗಾಗಿ ಫೆಸ್ಟಸ್ ಹಾಳೆಯನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಏನೂ ಇರಲಿಲ್ಲ.

ಮುಂದಿನ ಬೇಸಿಗೆ ಜೌಗು ಬಲ್ಲ ಬೇರೆ ಯಾರೂ ಸಿಗದೆ ಸಮಿತಿಯವರು ಮತ್ತೆ ಅವನನ್ನೇ ಕರೆದರು. ಅವನು ಹೋದ. ಕಲ್ಲಿನ ಹತ್ತಿರ ನಿಂತು, ಹನೋರಾ ಲೈಡನ್ ಎಂಬವಳು ತನ್ನ ಮಗ ಬಾರ್ಟ್ಲಿಯನ್ನು ಹೊತ್ತು ಇಲ್ಲಿ ಕೂತಿದ್ದಳು, ಮಗು ಅದೇ ದಿನ ತೀರಿಕೊಂಡಿತು ಎಂದು ಹೇಳಿದ. ಕಾರ್ಕ್ ಕಡೆಯ ಒಬ್ಬಾತ ಇನ್ನೂ ಏನೋ ಇರಬೇಕೆಂದು ಕಾದು, "ಅಷ್ಟೇನಾ?" ಎಂದು ಕೇಳಿದ. "ಅಷ್ಟೇ," ಅಂದ ಫೆಸ್ಟಸ್. ಯಾರೂ ಅಳಲಿಲ್ಲ. ಜನ ನೀರು ಕುಡಿದು, ಬೂಟಿನ ದಾರ ಬಿಗಿದುಕೊಂಡು ಮೇಲೆ ಹತ್ತಿದರು. ಫೆಸ್ಟಸ್ ಹಿಂದೆ ನಡೆದ. ಆ ಅಳು, ಆ ಟೋಪಿಗಳು ಮತ್ತೆ ಬೇಕು ಎಂದು ಒಳಗೆ ಏನೋ ಕೇಳುತ್ತಿತ್ತು. ಹಾಗೆ ಕೇಳುತ್ತಿದೆಯೆಂದು ತಿಳಿದು ಅವನಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಇದನ್ನು ಅವನು ಡೀಲಿಯಾಗೂ ಹೇಳಲಿಲ್ಲ.

ಪಾಪ ಅನ್ನುತ್ತಿದ್ದ ಊರು ಈಗ ಅದನ್ನು ಬಿಟ್ಟು ಕಾಲೆಳೆಯಲು ಶುರುಮಾಡಿತು. ರಸ್ತೆ ಗ್ಯಾಂಗಿನ ಹಳೆಯ ಜೊತೆಗಾರ ಗಸ್ಸಿ ಅಂಗಡಿಯ ಕೌಂಟರಿಗೆ ಒರಗಿ, ಫೆಸ್ಟಸ್ ಬಾಗಿಲು ತೆರೆದ ಕೂಡಲೇ ಕೇಳುತ್ತಾನೆ: "ಬಾರಪ್ಪ. ಇವತ್ತು ಯಾರ ಮಗ ನೀನು?"

ಇದ್ದವರೆಲ್ಲ ನಗುತ್ತಾರೆ. ಫೆಸ್ಟಸ್‌ನ ಕಿವಿ ಕೆಂಪಾಗುತ್ತದೆ. "ಟಾಮ್ ಮಗ," ಎನ್ನುತ್ತಾನೆ, ಪೇಪರು ತೆಗೆದುಕೊಂಡು ಮನೆಯ ಕಡೆ ಹೊರಡುತ್ತಾನೆ.